ಚೀನೀಯರ ಕುಂಬಳದ ಸಿಹಿನೀರು

ಮಲೆನಾಡಿನಲ್ಲಿಯೂ ಕರಾವಳಿಯ ಹಲವು ಊರುಗಳಲ್ಲಿಯೂ ಸಿಹಿಗುಂಬಳಕ್ಕೆ ಚೀನಿಕಾಯಿ ಎಂದು ಹೆಸರು. ಹೆಸರನ್ನು ನಂಬಿ ಚೀನಾ ದೇಶಕ್ಕೇ ಹೋಗಿ ವಿಚಾರಿಸಿದರೆ, ಅಲ್ಲಿಯವರು ಅದನ್ನು ತಮ್ಮದೆಂದು ಒಪ್ಪುವುದಿಲ್ಲ. ಅವರ ನುಡಿಯಲ್ಲಿ ಅದು ‘ನಾನ್ ಗ್ವಾ’, ಎಂದರೆ ದಕ್ಷಿಣದ ಕಾಯಿ. ಜಪಾನೀಯರು ಅದನ್ನು ‘ಕಬೋಚಾ’ ಎನ್ನುತ್ತಾರೆ. ಅದು ಕಾಂಬೋಡಿಯ ಎಂಬ ಹೆಸರಿನ ಅಪಭ್ರಂಶ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಆ ಕಾಯನ್ನು ಕಾಂಬೋಡಿಯದ ಕಡೆಯಿಂದ ತಂದವೆಂಬುದರ ಗುರುತು. ಹೀಗೆ ಪ್ರತಿಯೊಬ್ಬರೂ ನೆರೆಯವನತ್ತ ಬೆರಳು ತೋರಿಸುವ ಈ ಕಾಯಿಯ ನಿಜವಾದ ತವರು ಅಮೆರಿಕ ಖಂಡ.

ಚೀನೀಯರು ಹೆಸರಿಡುವ ಕ್ರಮವೂ ಸ್ವಾರಸ್ಯವಾದದ್ದು. ಸೌತೆ, ಹಾಗಲ, ಕಲ್ಲಂಗಡಿ, ಕುಂಬಳ ಇವೆಲ್ಲವೂ ಅವರಿಗೆ ‘ಗ್ವಾ’ ಎಂಬ ಒಂದೇ ಮನೆತನಕ್ಕೆ ಸೇರಿದವು. ಕಲ್ಲಂಗಡಿ ಪಶ್ಚಿಮದಿಂದ ಬಂದದ್ದರಿಂದ ಪಶ್ಚಿಮದ ಗ್ವಾ. ಸಿಹಿಗುಂಬಳ ದಕ್ಷಿಣದ ಗ್ವಾ. ಬೂದುಗುಂಬಳ ಚಳಿಗಾಲದ ಗ್ವಾ. ಅವರ ಭಾಷೆಯಲ್ಲಿ ಚಳಿಗಾಲ ಎಂಬ ಮಾತಿಗೂ ಪೂರ್ವದಿಕ್ಕು ಎಂಬ ಮಾತಿಗೂ ಉಚ್ಚಾರಣೆ ಒಂದೇ ಆದುದರಿಂದ, ಕಿವಿಗೆ ಕೇಳುವಷ್ಟರ ಮಟ್ಟಿಗೆ ಪೂರ್ವದ ಕಾಯಿಯೂ ಸಿಕ್ಕಂತಾಯಿತು!

ಲೀ ಷಿಜೆನ್ ಎಂಬ ಪ್ರಸಿದ್ಧ ವೈದ್ಯನು ಬರೆದ ಮಹಾನಿಘಂಟು ಅವನು ತೀರಿಕೊಂಡ ಮೂರು ವರ್ಷಗಳ ತರುವಾಯ, 1596ರಲ್ಲಿ ಅಚ್ಚಾಯಿತು. ಕುಂಬಳದ ಬೀಜ ದಕ್ಷಿಣದ ಪರದೇಶಗಳಿಂದ ಬಂದು ಮೊದಲು ಕರಾವಳಿಯ ಫೂಜಿಯನ್, ಝೆಜಿಯಾಂಗ್ ಪ್ರಾಂತಗಳಲ್ಲಿ ಬೇರೂರಿ, ಅನಂತರ ಉತ್ತರದ ರಾಜಧಾನಿಯವರೆಗೂ ಹಬ್ಬಿತೆಂದು ಅದರಲ್ಲಿ ಹೇಳಿದೆ. ಕೊಲಂಬಸನು ಅಮೆರಿಕವನ್ನು ಮುಟ್ಟಿದ್ದು 1492ರಲ್ಲಿ. ನೂರು ವರ್ಷಗಳ ಒಳಗಾಗಿ ಒಂದು ಬಳ್ಳಿ ಭೂಮಿಯ ಅರ್ಧವನ್ನು ಸುತ್ತಿ ಬಂದು ಚೀನೀ ರೈತನ ಹಿತ್ತಲಿನ ಬೇಲಿಯನ್ನು ಏರಿತೆಂದಾಯಿತು. ಇದೇ ವೈದ್ಯನು ಕುಂಬಳವನ್ನು ಕುರಿಮಾಂಸದೊಡನೆ ತಿನ್ನಬಾರದೆಂದು ಎಚ್ಚರಿಸಿಯೂ ಇದ್ದಾನೆ. ಪದಾರ್ಥಗಳನ್ನು ಉಷ್ಣ, ಶೀತ ಎಂದು ವಿಂಗಡಿಸುವ ಪದ್ಧತಿ ಅಲ್ಲಿಯೂ ಉಂಟು. ಆ ಲೆಕ್ಕದಲ್ಲಿ ಕುಂಬಳ ಬೆಚ್ಚನೆಯ ಗುಣದ್ದು; ಹೆಸರುಕಾಳು ತಂಪು.

ಆದರೆ ಚೀನೀಯರ ನೆನಪಿನಲ್ಲಿ ಕುಂಬಳಕ್ಕೆ ಇರುವ ಸ್ಥಾನ ವೈದ್ಯಗ್ರಂಥದಿಂದ ಬಂದದ್ದಲ್ಲ. ಹೊಟ್ಟೆಯ ಹಸಿವಿನಿಂದ ಬಂದದ್ದು. ಕಲ್ಲುನೆಲದಲ್ಲಿಯೂ ಬೆಳೆಯುವ, ಗೊಬ್ಬರವನ್ನು ಹೆಚ್ಚು ಬೇಡದ, ಕೊಯ್ದಿಟ್ಟರೆ ತಿಂಗಳುಗಟ್ಟಲೆ ಕೆಡದ ಈ ಕಾಯಿ ಬಡವರ ಉಗ್ರಾಣ. 1927ರ ಕೊನೆಯಲ್ಲಿ ಜಿಂಗ್‌ಗಾಂಗ್ ಪರ್ವತವನ್ನು ಸೇರಿಕೊಂಡ ಮಾವೋ ತ್ಸೆ ತುಂಗರ ಸೈನಿಕರಿಗೆ ಕೆಂಪಕ್ಕಿಯ ಅನ್ನ, ನೀರಿನಲ್ಲಿ ಬೇಯಿಸಿದ ಕುಂಬಳ, ಇವೇ ಮುಖ್ಯ ಆಹಾರವಾಗಿದ್ದವು. ಶತ್ರುಗಳು ದಾರಿಗಳನ್ನು ಕಟ್ಟಿಹಾಕಿದ್ದರಿಂದ ಉಪ್ಪು ಕೂಡ ದುರ್ಲಭವಾಗಿತ್ತು. ಆ ಸಪ್ಪೆ ಊಟ ಮುಂದೆ ಹಾಡಾಗಿ ದೇಶವೆಲ್ಲ ಹರಡಿತು. 1959ರಿಂದ 1961ರವರೆಗಿನ ಮಹಾಕ್ಷಾಮದಲ್ಲಿ ಕೋಟಿಗೂ ಮೀರಿ ಜನ ಪ್ರಾಣ ಬಿಟ್ಟಾಗ, ಧಾನ್ಯವಿಲ್ಲದಿದ್ದರೆ ಕಾಯಿಪಲ್ಯವನ್ನು ತಿಂದು ಜೀವ ಹಿಡಿಯಬೇಕೆಂಬುದು ಸರಕಾರದ ಘೋಷಣೆಯೇ ಆಗಿತ್ತು. ಅಂಥ ದಿನಗಳನ್ನು ದಾಟಿ ಬಂದ ಹಿರಿಯರಲ್ಲಿ ಕುಂಬಳವನ್ನು ಕಂಡರೆ ಮುಖ ತಿರುಗಿಸುವವರು ಇದ್ದರೆ ಅವರನ್ನು ದೂರುವಂತಿಲ್ಲ. ಅದೇ ಕಾಯಿಗೆ ಒಂದು ಹಿಡಿ ಕಲ್ಲುಸಕ್ಕರೆ, ಒಂದು ತುಂಡು ಶುಂಠಿ ಸೇರಿಸಿ ಮೊಮ್ಮಕ್ಕಳಿಗೆ ಬಟ್ಟಲಲ್ಲಿ ಕೊಡುವ ಕಾಲ ಬಂದದ್ದು ಸಣ್ಣ ಸಂಗತಿಯೇನೂ ಅಲ್ಲ.

ಈ ಸಿಹಿಯ ಮನೆ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ. ಗ್ವಾಂಗ್‌ಝೌ, ಹಾಂಗ್‌ಕಾಂಗ್, ಮಕಾವ್ ಮುಂತಾದ ನಗರಗಳಲ್ಲಿ ‘ತೋಂಗ್ ಸುಯಿ’ ಎಂಬ ಒಂದು ಬಗೆಯ ಭಕ್ಷ್ಯ ಉಂಟು. ಪದಶಃ ಅರ್ಥ ‘ಸಕ್ಕರೆ ನೀರು’. ಹೆಸರು ಕೇಳಿ ಪಾನಕವೆಂದು ತಿಳಿಯಬಾರದು. ಕೆಂಪು ಅವರೆಜಾತಿಯ ಕಾಳು, ಹೆಸರುಕಾಳು, ಕರಿಯೆಳ್ಳು, ತಾವರೆಬೀಜ, ಗೆಣಸು, ಕುಂಬಳ ಇವುಗಳಲ್ಲಿ ಯಾವುದಾದರೊಂದನ್ನು ಬೇಯಿಸಿ, ಸಿಹಿಗೂಡಿಸಿ, ಬಟ್ಟಲಿಗೆ ಹಾಕಿ ಚಮಚೆಯಿಂದ ತಿನ್ನುವ ಪದಾರ್ಥ ಅದು. ರಾತ್ರಿಯ ಊಟವಾಗಿ ಸ್ವಲ್ಪ ಹೊತ್ತು ಕಳೆದ ಮೇಲೆ, ಮಲಗುವ ಮುನ್ನ, ಮನೆಮಂದಿಯೆಲ್ಲ ಕುಳಿತು ಇದನ್ನು ಸವಿಯುವುದು ವಾಡಿಕೆ. ಇದನ್ನೇ ಮಾರುವ ಅಂಗಡಿಗಳು ಆ ನಗರಗಳಲ್ಲಿ ತಡರಾತ್ರಿಯವರೆಗೂ ತೆರೆದಿರುತ್ತವೆ. ಚಳಿಗಾಲದಲ್ಲಿ ಬಿಸಿಯಾಗಿ, ಬೇಸಗೆಯಲ್ಲಿ ತಣ್ಣಗೆ.

ಸಕ್ಕರೆಯ ವಿಷಯದಲ್ಲಿ ಮಾತ್ರ ಭಾರತಕ್ಕೂ ಚೀನಾಕ್ಕೂ ಹಳೆಯ ಲೇವಾದೇವಿ. 647ರಲ್ಲಿ ತಾಂಗ್ ವಂಶದ ಚಕ್ರವರ್ತಿ ತೈಜೋಂಗನು ಸಕ್ಕರೆ ಕಾಯಿಸುವ ವಿದ್ಯೆಯನ್ನು ಕಲಿತು ಬರಲು ಮಗಧ ದೇಶಕ್ಕೆ ದೂತರನ್ನು ಕಳುಹಿಸಿದನು. ಅವರು ಹಿಂದಿರುಗಿದ ಮೇಲೆ ಯಾಂಗ್‌ಝೌ ಸೀಮೆಯ ಕಬ್ಬನ್ನು ತರಿಸಿ ಹಿಂಡಿಸಿದನು. ಗುರುವಿನದಕ್ಕಿಂತ ಶಿಷ್ಯನ ಸಕ್ಕರೆಯೇ ಬಣ್ಣದಲ್ಲಿಯೂ ರುಚಿಯಲ್ಲಿಯೂ ಮೇಲಾಯಿತೆಂದು ಆ ವಂಶದ ಇತಿಹಾಸ ಸಂಕೋಚವಿಲ್ಲದೆ ಬರೆದುಕೊಂಡಿದೆ. ಹಿಂದಿಯಲ್ಲಿ ಬಿಳಿಯ ಸಕ್ಕರೆಗೆ ‘ಚೀನಿ’ ಎಂಬ ಹೆಸರು ನಿಂತಿರುವಾಗ ಆ ಜಂಬವನ್ನು ಪೂರ್ತಿಯಾಗಿ ಅಲ್ಲಗಳೆಯುವುದೂ ಕಷ್ಟ. ಚೀನೀಯರು ಕಲ್ಲುಸಕ್ಕರೆಯನ್ನು ‘ಮಂಜುಗಡ್ಡೆ ಸಕ್ಕರೆ’ ಎನ್ನುತ್ತಾರೆ. ಸಿಹಿನೀರಿಗೆ ಅವರು ಬಹುಮಟ್ಟಿಗೆ ಬಳಸುವುದು ಅದನ್ನೇ. ಅದರ ಸಿಹಿ ತಿಳಿಯಾದದ್ದು, ಕುಂಬಳದ ಸ್ವಂತ ರುಚಿಯನ್ನು ಮುಚ್ಚುವುದಿಲ್ಲ.

ಇನ್ನು ಅಡುಗೆಮನೆಯ ಮಾತು. ನಾಲ್ಕು ಮಂದಿಗೆ ಸಿಪ್ಪೆ, ತಿರುಳು ತೆಗೆದ ಮೇಲೆ ಅರ್ಧ ಕಿಲೋ ತೂಗುವಷ್ಟು ಕುಂಬಳ ಬೇಕು. ನೀರು ನಾಲ್ಕು ಲೋಟ, ಕಲ್ಲುಸಕ್ಕರೆ ಸುಮಾರು 75 ಗ್ರಾಂ, ಹೆಬ್ಬೆರಳಿನ ತುದಿಯಷ್ಟು ಹಸಿಶುಂಠಿ, ಒಂದು ಚಿಟಿಕೆ ಉಪ್ಪು. ಇಷ್ಟೇ. ಇಷ್ಟು ಕಡಮೆ ಸಾಮಗ್ರಿಯಲ್ಲಿ ಆಗುವ ಅಡುಗೆಯಲ್ಲಿ ಮೋಸ ಮಾಡಲು ಎಡೆಯಿಲ್ಲ, ಕುಂಬಳವೇ ಚೆನ್ನಾಗಿರಬೇಕು. ಇಡೀ ಕಾಯನ್ನು ಕೊಳ್ಳುವವರು ತೊಟ್ಟು ಒಣಗಿರುವ, ಉಗುರು ಊರಿದರೆ ನಾಟದ, ಗಾತ್ರಕ್ಕಿಂತ ತೂಕ ಹೆಚ್ಚೆನಿಸುವ ಕಾಯನ್ನು ಆರಿಸಬೇಕು. ಪೇಟೆಯಲ್ಲಿ ಹೋಳು ಮಾಡಿ ಮಾರುವುದುಂಟಷ್ಟೆ. ಆಗ ಪರೀಕ್ಷೆ ಇನ್ನೂ ಸುಲಭ: ಒಳಗೆ ಗಾಢವಾದ ಕಿತ್ತಳೆಯ ಬಣ್ಣವಿರಬೇಕು. ಪೇಲವ ಹಳದಿಯ ಕಾಯಿ ಹುಳಿಗಾದೀತು, ಸಿಹಿನೀರಿಗೆ ಬಾರದು. ಬೀಜಗಳನ್ನು ಎಸೆಯಬಾರದು. ತೊಳೆದು, ಒಣಗಿಸಿ, ಹುರಿದಿಟ್ಟರೆ ಮಕ್ಕಳ ಸಂಜೆಯ ಬಾಯಾಟಕ್ಕೆ ಆಯಿತು. ಚೀನೀಯರೂ ಹಾಗೆಯೇ ಮಾಡುತ್ತಾರೆ.

ಕುಂಬಳವನ್ನು ಎರಡು ಅಂಗುಲದ ಹೋಳುಗಳನ್ನಾಗಿ ಹೆಚ್ಚಿ, ನೀರು ಹಾಕಿ, ಶುಂಠಿಯನ್ನು ತೆಳ್ಳಗೆ ಕೊಯ್ದು ಸೇರಿಸಿ ಒಲೆಯ ಮೇಲಿಡಬೇಕು. ಶುಂಠಿಯನ್ನು ಜಜ್ಜಿದರೆ ಖಾರ ಹೆಚ್ಚುತ್ತದೆ. ಬಿಲ್ಲೆಗಳಾದರೆ ಪರಿಮಳ ಬಿಟ್ಟುಕೊಟ್ಟು ತಾವು ಪ್ರತ್ಯೇಕವಾಗಿ ಉಳಿಯುತ್ತವೆ, ಕೊನೆಗೆ ತೆಗೆದುಬಿಡಬಹುದು. ಒಂದು ಕುದಿ ಬಂದ ಕೂಡಲೆ ಉರಿಯನ್ನು ಸಣ್ಣದು ಮಾಡಿ, ಅರೆಮುಚ್ಚಳದಲ್ಲಿ ಕಾಲು ಗಂಟೆ ಬೇಯಿಸಿದರೆ ಚಮಚೆಯ ಹಿಂಬದಿಗೆ ಹೋಳು ಒಡೆಯುವಷ್ಟು ಮೆತ್ತಗಾಗುತ್ತದೆ. ಸಕ್ಕರೆಯನ್ನು ಹಾಕಬೇಕಾದದ್ದು ಈಗ, ಮೊದಲಲ್ಲ. ಸಕ್ಕರೆಯ ನೀರಿನಲ್ಲಿ ಬೆಂದ ಹೋಳು ಬೇಗ ಮೆತ್ತಗಾಗದೆ ಬಿಗಿದುಕೊಂಡಿರುತ್ತದೆ. ಅವಸರದ ಗೃಹಿಣಿಯರು ಎಲ್ಲವನ್ನೂ ಒಟ್ಟಿಗೆ ಹಾಕಿ ಅನಿಲವನ್ನು ವ್ಯರ್ಥಮಾಡುವುದು ಈ ಕಾರಣದಿಂದಲೇ.

ಬೆಂದ ಹೋಳುಗಳಲ್ಲಿ ಅರ್ಧವನ್ನು ಸೌಟಿನಿಂದ ಪಾತ್ರೆಯ ಅಂಚಿಗೆ ಒತ್ತಿ ಮಸೆಯಬೇಕು. ಉಳಿದರ್ಧವನ್ನು ಹಾಗೆಯೇ ಬಿಡಬೇಕು. ಮಸೆದದ್ದು ನೀರಿಗೆ ಮೈ ಕೊಡುತ್ತದೆ, ಬಿಟ್ಟದ್ದು ಬಾಯಿಗೆ ಸಿಕ್ಕುತ್ತದೆ. ಕಲ್ಲುಸಕ್ಕರೆ ಕರಗಿದ ಮೇಲೆ ಉಪ್ಪಿನ ಚಿಟಿಕೆ ಹಾಕಿ ಇಳಿಸಿದರೆ ಸಿಹಿನೀರು ಸಿದ್ಧ. ಉಪ್ಪನ್ನು ಮರೆಯಬಾರದು, ಅದಿಲ್ಲದ ಸಿಹಿ ನಾಲಿಗೆಯ ಮೇಲೆ ಮಂಕಾಗಿ ಕೂರುತ್ತದೆ. ಕಲ್ಲುಸಕ್ಕರೆ ಇಲ್ಲದ ಮನೆಯಲ್ಲಿ ಸಾಮಾನ್ಯ ಸಕ್ಕರೆ ಸಾಕು. ಬೆಲ್ಲ ಹಾಕಿದರೆ ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಬಣ್ಣ ಕಪ್ಪೇರುತ್ತದೆ.

ಇಲ್ಲಿ ಕನ್ನಡದ ಗೃಹಿಣಿಯ ಕೈ ತಾನಾಗಿಯೇ ಏಲಕ್ಕಿಯ ಡಬ್ಬಿಗೆ ಹೋಗುವ ಸಂಭವ ಉಂಟು. ಹಿಂದೆಯೇ ಹಾಲು, ತುಪ್ಪ, ಗೋಡಂಬಿ, ದ್ರಾಕ್ಷಿಗಳ ಮೆರವಣಿಗೆಯೂ ಹೊರಟೀತು. ಅದೆಲ್ಲ ಬಿದ್ದ ಮೇಲೆ ಆಗುವುದು ಕುಂಬಳದ ಪಾಯಸ. ಅದು ಒಳ್ಳೆಯ ಪಾಯಸವೇ, ಆದರೆ ಸಿಹಿನೀರಲ್ಲ. ಹಬ್ಬದ ಊಟದ ಭಾರವಿಲ್ಲದೆ, ರಾತ್ರಿ ಹಗುರವಾಗಿ ಕುಡಿದು ಮಲಗುವಂತಿರುವುದೇ ಇದರ ಹೆಚ್ಚಳ. ವಯಸ್ಸಾಗಿ ಹಲ್ಲು ಹೋದವರಿಗೂ ಜ್ವರ ಬಿಟ್ಟು ಬಾಯಿ ಕೆಟ್ಟವರಿಗೂ ಇದು ಒಗ್ಗುವುದು ಈ ಸರಳತೆಯಿಂದ.

ಇಷ್ಟಾದರೂ ಸಬ್ಬಕ್ಕಿ, ಕಾಯಿಹಾಲುಗಳಿಗೆ ಚೀನೀಯರದೇ ಒಪ್ಪಿಗೆ ಉಂಟು. ದಕ್ಷಿಣ ಚೀನಾದವರು ಸಬ್ಬಕ್ಕಿಯನ್ನು ಕಾಯಿಹಾಲಿನಲ್ಲಿ ಬೆರಸಿ ಹಲವು ಸಿಹಿನೀರುಗಳನ್ನು ಮಾಡುತ್ತಾರೆ. ಕಾಲು ಲೋಟ ಸಣ್ಣ ಸಬ್ಬಕ್ಕಿಯನ್ನು ಬೇರೆ ಪಾತ್ರೆಯಲ್ಲಿ, ಧಾರಾಳವಾದ ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ಕದಡುತ್ತ ಬೇಯಿಸಬೇಕು. ಕಾಳಿನ ನಡುವೆ ಬಿಳಿಯ ಚುಕ್ಕೆ ಮಾತ್ರ ಉಳಿದಾಗ ಒಲೆಯಾರಿಸಿ ಮುಚ್ಚಿಟ್ಟರೆ, ಆ ಚುಕ್ಕೆಯೂ ತನ್ನಷ್ಟಕ್ಕೆ ಕರಗಿ ಕಾಳು ಗಾಜಿನ ಮಣಿಯಂತಾಗುತ್ತದೆ. ಅನಂತರ ಜರಡಿಗೆ ಸುರಿದು ತಣ್ಣೀರಿನಲ್ಲಿ ಜಾಲಿಸಿ ಅಂಟು ಹೋಗಲಾಡಿಸಿ, ಬಡಿಸುವ ಸಮಯಕ್ಕೆ ಸಿಹಿನೀರಿಗೆ ಸೇರಿಸಬೇಕು. ಅರ್ಧ ಲೋಟ ಗಟ್ಟಿ ಕಾಯಿಹಾಲನ್ನು ಒಲೆಯಿಂದ ಇಳಿಸಿದ ಮೇಲೆಯೇ ಬೆರಸತಕ್ಕದ್ದು, ಕುದಿಸಿದರೆ ಒಡೆದೀತು.

ಕಾಯಿಹಾಲಿನಿಂದ ರುಚಿಯಲ್ಲದೆ ಬೇರೊಂದು ಪ್ರಯೋಜನವೂ ಉಂಟು. ಕುಂಬಳಕ್ಕೆ ಕಿತ್ತಳೆಯ ಬಣ್ಣ ಕೊಡುವ ಕೆರೋಟಿನ್ ಎಂಬ ವಸ್ತುವೇ ದೇಹದಲ್ಲಿ ಎ ಜೀವಸತ್ತ್ವವಾಗಿ ಮಾರ್ಪಡುತ್ತದೆ. ಅದರ ಕೊರತೆಯಾದ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ಈ ಕೆರೋಟಿನ್ ದೇಹಕ್ಕೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಜೊತೆಗಿರಬೇಕು. ಸಪ್ಪೆ ನೀರಿನಲ್ಲಿ ಬೇಯಿಸಿ ಉಣ್ಣುವುದಕ್ಕಿಂತ ಕಾಯಿಹಾಲು ಬೆರಸಿ ಉಣ್ಣುವುದು ಮಕ್ಕಳಿಗೆ ಹೆಚ್ಚು ಹಿತ. ಮಧುಮೇಹ ಉಳ್ಳವರ ಮಾತು ಬೇರೆ. ಕುಂಬಳವೇ ಆ ರೋಗಕ್ಕೆ ಮದ್ದೆಂಬ ನಂಬಿಕೆ ಚೀನಾದಲ್ಲಿಯೂ ಬಹಳ ಹರಡಿತ್ತು. ಕಲ್ಲುಸಕ್ಕರೆ ಕರಗಿಸಿದ ಬಟ್ಟಲಿಗೆ ಆ ಹೆಸರಿನಲ್ಲಿ ಕೈ ಚಾಚುವುದು ತಮ್ಮನ್ನು ತಾವೇ ವಂಚಿಸಿಕೊಂಡಂತೆ. ಅಂಥವರಿಗೆ ಬೆಂದ ಕುಂಬಳದ ಎರಡು ಹೋಳು, ಶುಂಠಿ, ಉಪ್ಪು ಸಾಕು.

ಡಿಸೆಂಬರಿನಲ್ಲಿ ಹಗಲು ಅತ್ಯಂತ ಗಿಡ್ಡವಾಗುವ ದಿನ ದಕ್ಷಿಣ ಚೀನಾದ ಮನೆಗಳಲ್ಲಿ ಅಂಟಕ್ಕಿಯ ಹಿಟ್ಟಿನ ಉಂಡೆಗಳನ್ನು ಸಿಹಿನೀರಿನಲ್ಲಿ ತೇಲಿಬಿಡುತ್ತಾರೆ. ‘ತಾಂಗ್ ಯುವಾನ್’ ಎಂಬ ಅವುಗಳ ಹೆಸರಿನ ಧ್ವನಿ, ಕುಟುಂಬದವರು ಒಂದೆಡೆ ಕೂಡುವುದು ಎಂಬ ಮಾತಿಗೆ ಹತ್ತಿರ. ದೂರದ ಊರಿನಲ್ಲಿ ದುಡಿಯುವ ಮಕ್ಕಳು ಬಾರದ ವರ್ಷ ಆ ಉಂಡೆ ಗಂಟಲಲ್ಲಿ ಇಳಿಯುವುದು ಕಷ್ಟವೇ. ಕುಂಬಳದ ತಿರುಳನ್ನು ಹಿಟ್ಟಿಗೆ ಕಲಸಿ ಚಿನ್ನದ ಬಣ್ಣದ ಉಂಡೆ ಮಾಡುವವರೂ ಇದ್ದಾರೆ. ಕಡುಬಿಗೆ ಕಾಯಿಸುವ ಹಾಗೆ ಸಾಮಾನ್ಯ ಅಕ್ಕಿಹಿಟ್ಟನ್ನು ಕುದಿನೀರಿನಲ್ಲಿ ಕಲಸಿ ಗೋಲಿಯಷ್ಟು ಉಂಡೆ ಕಟ್ಟಿ ಬೇಯಿಸಿದರೆ ಅವೂ ತಿನ್ನಲು ಚೆನ್ನ. ಅಂಟಕ್ಕಿಯ ಜಿಗುಟು ಮಾತ್ರ ಬಾರದು. ಉಂಡೆ ಬೆಂದಿತೆಂಬುದಕ್ಕೆ ಗುರುತು ಸುಲಭ: ತಳದಲ್ಲಿದ್ದದ್ದು ಮೇಲಕ್ಕೆ ತೇಲಿ ಬರುತ್ತದೆ.

ಸಿಹಿನೀರು ಮಿಕ್ಕರೆ ಶೀತಪೆಟ್ಟಿಗೆಯಲ್ಲಿಟ್ಟು ಮರುದಿನ ತಣ್ಣಗೆ ಕುಡಿಯಬಹುದು. ಸಬ್ಬಕ್ಕಿಯನ್ನು ಮಾತ್ರ ಅದರಲ್ಲಿ ಬಿಡಬಾರದು. ರಾತ್ರಿ ಕಳೆಯುವುದರೊಳಗೆ ನೀರನ್ನೆಲ್ಲ ಹೀರಿ ಗಂಜಿಯಾಗಿರುತ್ತದೆ. ಬಿಸಿಮಾಡಿ ಕುಡಿಯುವವರು ಅರ್ಧ ಲೋಟ ಬಿಸಿನೀರು ಕೂಡಿಸಿ, ಒಂದು ಬಿಲ್ಲೆ ಹೊಸ ಶುಂಠಿ ಹಾಕಿದರೆ ಸಾಕು.