ಪಿತ್ತದ ಲೆಕ್ಕ

ಇತಿಹಾಸ, ಅರ್ಥಶಾಸ್ತ್ರ ಓದುವ ನಾನು ರಕ್ತದಲ್ಲಿನ ಪಿತ್ತಾಮ್ಲಗಳನ್ನು ಅಳೆಯುವ ವಿಧಾನದ ಮೇಲೆ ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರೀತು. ಆದರೆ ಈ ವಿಷಯವನ್ನು ನಾನು ಆರಿಸಿಕೊಂಡದ್ದಲ್ಲ. ಅದೇ ನಮ್ಮ ಮನೆಗೆ ಬಂದದ್ದು.

2024ರ ಆಷಾಢ. ಎಂಟನೆಯ ತಿಂಗಳ ಬಸುರಿಯಾದ ಅಕ್ಕ ಬಾಣಂತನಕ್ಕೆಂದು ಯಲಹಂಕದ ನಮ್ಮ ಮನೆಗೆ ಬಂದಿದ್ದಳು. ರಾತ್ರಿಯಾದರೆ ಅಂಗೈ, ಅಂಗಾಲುಗಳಲ್ಲಿ ತಡೆಯಲಾರದ ನವೆ. ಮೈಮೇಲೆ ನೋಡಿದರೆ ಒಂದು ಗುಳ್ಳೆಯೂ ಇಲ್ಲ. "ಪಿತ್ತ ಕೆರಳಿದೆ" ಎಂದು ಅವ್ವ ಬೇವಿನ ಸೊಪ್ಪು ಅರೆದು ಹಚ್ಚಿದಳು. ಅವ್ವನ ಮಾತಿನಲ್ಲಿ ಅರ್ಧ ನಿಜವಿತ್ತೆಂದು ಆಮೇಲೆ ತಿಳಿಯಿತು. ವೈದ್ಯರು ರಕ್ತಪರೀಕ್ಷೆ ಬರೆದುಕೊಟ್ಟರು. ವರದಿಯಲ್ಲಿದ್ದುದು ಒಂದೇ ಅಂಕಿ: 46. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. "ಏನು ಬರ್ದವ್ರೆ, ಓದಪ್ಪ" ಎಂದು ಅಪ್ಪ ಕಾಗದವನ್ನು ನನ್ನ ಕೈಗಿತ್ತರು. ಓದಿದೆ; ಏನೂ ತಿಳಿಯಲಿಲ್ಲ. ಆ ನಾಚಿಕೆಯಿಂದಲೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವ ಗೆಳೆಯನ ಬಳಿಗೆ ಹೋದೆ.

ಕೋಳಿ ಕೊಯ್ಯುವಾಗ ಪಿತ್ತದ ಚೀಲ ಒಡೆದರೆ ಸಾರೆಲ್ಲ ಕಹಿಯಾಗುವುದನ್ನು ನಾವೆಲ್ಲ ಬಲ್ಲೆವು. ಆ ಹಸಿರು ರಸದ ಮುಖ್ಯ ಸತ್ವವೇ ಪಿತ್ತಾಮ್ಲ. ಯಕೃತ್ತು ಅದನ್ನು ಕೊಲೆಸ್ಟರಾಲಿನಿಂದ ತಯಾರಿಸಿ, ಜಿಡ್ಡನ್ನು ಕರಗಿಸಲು ಕರುಳಿಗೆ ಕಳಿಸುತ್ತದೆ. ಕರುಳು ನೂರಕ್ಕೆ ಸುಮಾರು 95 ಪಾಲನ್ನು ಮತ್ತೆ ಹೀರಿ ಯಕೃತ್ತಿಗೇ ಹಿಂದಿರುಗಿಸುತ್ತದೆ. ಯಕೃತ್ತು ಅದನ್ನು ಬಾಗಿಲಲ್ಲೇ ಹಿಡಿದುಕೊಳ್ಳುವುದರಿಂದ ಮೈಯ ರಕ್ತಕ್ಕೆ ಸೇರುವುದು ಅತ್ಯಲ್ಪ. ಹಸಿದ ಹೊಟ್ಟೆಯಲ್ಲಿ ಲೀಟರಿಗೆ 10 ಮೈಕ್ರೋಮೋಲಿನೊಳಗೆ. ನಮ್ಮ ಸೀಮೆಯ ಲೆಕ್ಕದಲ್ಲಿ ಹೇಳುವುದಾದರೆ, ಎರಡು ರಾಗಿಕಾಳಿನಷ್ಟು ತೂಕ. ಕೆಲವು ಬಸುರಿಯರಲ್ಲಿ ಯಕೃತ್ತಿನ ಈ ಕೆಲಸ ಕುಂಟುತ್ತದೆ, ಪಿತ್ತಾಮ್ಲ ರಕ್ತದಲ್ಲಿ ಏರುತ್ತದೆ.

ಈ ಎರಡು ರಾಗಿಕಾಳನ್ನು ಅಳೆಯುವುದು ಹೇಗೆ? ಮ್ಯಾಕ್ಸ್ ಪೆಟ್ಟೆನ್‌ಕೋಫರ್ ಎಂಬ ಜರ್ಮನ್ ವಿದ್ವಾಂಸರು 1844ರಲ್ಲಿ ಪಿತ್ತಕ್ಕೆ ಸಕ್ಕರೆ ಹಾಕಿ ಗಂಧಕಾಮ್ಲ ಬೆರೆಸಿದರೆ ಕೆನ್ನೇರಳೆ ಬಣ್ಣ ಬರುವುದೆಂದು ತೋರಿಸಿದರು. ಆದರೆ ರಕ್ತದಲ್ಲಿರುವ ಅಲ್ಪಾಂಶವನ್ನು ಅಳೆಯಲು ಅದು ಸಾಲದು. ಇಂದು ಬಳಕೆಯಲ್ಲಿರುವುದು ಕಿಣ್ವದ ವಿಧಾನ. ಗೆಳೆಯ ಅದನ್ನು ಹೀಗೆ ವಿವರಿಸಿದ: ದೇವಸ್ಥಾನಕ್ಕೆ ನಾಲ್ಕೇ ಭಕ್ತರು ಬಂದು ಒಮ್ಮೊಮ್ಮೆ ಗಂಟೆ ಬಾರಿಸಿದರೆ ಬೀದಿಗೆ ಕೇಳಿಸದು. ಅವರನ್ನೇ ಸುತ್ತು ಬರಿಸಿ ಸುತ್ತಿಗೊಮ್ಮೆ ಗಂಟೆ ಹೊಡೆಸಿದರೆ? ಕಿಣ್ವವು ಪಿತ್ತಾಮ್ಲದ ಒಂದು ಅಣುವಿನಿಂದ ಜಲಜನಕವನ್ನು ಕಿತ್ತು ಒಂದು ಬಣ್ಣದ ವಸ್ತುವನ್ನು ಹುಟ್ಟಿಸುತ್ತದೆ. ಬೇರೊಂದು ವಸ್ತುವಿನಿಂದ ಜಲಜನಕ ಪಡೆದು ಆ ಅಣು ಮೊದಲಿನಂತಾಗಿ ಮತ್ತೆ ಸಾಲಿಗೆ ನಿಲ್ಲುತ್ತದೆ. ಸುತ್ತು ಹೆಚ್ಚಿದಂತೆ ಹಳದಿ ಬಣ್ಣ ಏರುತ್ತದೆ. ಆ ಏರಿಕೆಯ ವೇಗವನ್ನು 405 ನ್ಯಾನೋಮೀಟರ್ ಬೆಳಕಿನಲ್ಲಿ ಯಂತ್ರವು ಓದಿ ಅಂಕಿ ಕೊಡುತ್ತದೆ. (ಯಶವಂತಪುರದ ಮಗ್ಗುಲಲ್ಲಿರುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊ. ಉದಯ್ ಮೈತ್ರರ ತಂಡ ಇದನ್ನೇ ತಿರುವುಮುರುವು ಮಾಡಿ, ಪಿತ್ತಾಮ್ಲದಿಂದ ಹೊಳೆಯುವ ಲೋಳೆ ತಯಾರಿಸಿ ಅದರಿಂದ ಕಿಣ್ವಗಳನ್ನು ಪತ್ತೆಹಚ್ಚಿದೆ.)

"ಊಟಕ್ಕೆ ಮುಂಚೆ ತೆಗೆದ ರಕ್ತವೋ, ಆಮೇಲೋ?" ಎಂದು ಗೆಳೆಯ ಕೇಳಿದ. ನಾಯಿಗಳಿಗಾದರೆ ಎರಡೂ ಸಲ ತೆಗೆಯುತ್ತಾರಂತೆ. ಉಂಡೊಡನೆ ಪಿತ್ತದ ಚೀಲ ಹಿಂಡಿಕೊಳ್ಳುವುದರಿಂದ ಅಂಕಿ ಏರುತ್ತದೆ. ವರದಿಯಲ್ಲಿ ಆ ಮಾತೇ ಇರಲಿಲ್ಲ; ಅಕ್ಕನೋ ಮುದ್ದೆ ಉಂಡೇ ಹೋಗಿದ್ದಳು! ಒಂದು ಗಳಿಗೆ ಆಸೆ ಹುಟ್ಟಿತು. ಆದರೆ ಆರೋಗ್ಯವಂತ ಬಸುರಿಯಲ್ಲಿ ಊಟದ ಮೇಲೂ ಅದು 18ರ ಆಸುಪಾಸಿಗೆ ನಿಲ್ಲುತ್ತದೆ. 46 ಬರಿಯ ಮುದ್ದೆಯಿಂದ ಬರುವ ಅಂಕಿಯಲ್ಲ.

2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂಥ 5,269 ತಾಯಂದಿರ ಲೆಕ್ಕ ಪ್ರಕಟವಾಯಿತು. ನೂರನ್ನು ಮುಟ್ಟಿದವರಲ್ಲಿ ಮಗು ಗರ್ಭದಲ್ಲೇ ತೀರಿಕೊಂಡದ್ದು ನೂರಕ್ಕೆ ಮೂರಕ್ಕಿಂತ ಹೆಚ್ಚು. ಅದಕ್ಕಿಂತ ಕೆಳಗಿನವರಲ್ಲಿ ಸಾವಿರಕ್ಕೆ ಮೂರನ್ನೂ ಮುಟ್ಟಲಿಲ್ಲ. ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ಮಾತ್ರೆ ಶುರುವಾಯಿತು. ನವೆ ಇಳಿಯಿತು. ಶ್ರಾವಣದಲ್ಲಿ ಎರಡನೆಯ ವರದಿ ಬಂತು: 58! ಅಪ್ಪನ ಮುಖ ಕಂದಿತು. ವೈದ್ಯರು ಮಾತ್ರ ಗಾಬರಿಯಾಗಲಿಲ್ಲ. ಆ ಮಾತ್ರೆ, ಅರ್ಸೋಡಿಆಕ್ಸಿಕೋಲಿಕ್ ಆಮ್ಲ, ತಾನೇ ಒಂದು ಪಿತ್ತಾಮ್ಲ. ಕಿಣ್ವಕ್ಕೆ ಮನೆಯವರು, ನೆಂಟರು ಎಂಬ ಭೇದವಿಲ್ಲ; ಎಲ್ಲರನ್ನೂ ಕೂಡಿಸಿ ಎಣಿಸುತ್ತದೆ. ಬಿಡಿಸಿ ಎಣಿಸಬೇಕಾದರೆ ರಕ್ತದ ಸತ್ವಗಳನ್ನು ಒಂದು ಸಣ್ಣ ನಳಿಗೆಯಲ್ಲಿ ಹರಿಸಿ, ಹಿಂದುಮುಂದಾಗಿ ಹೊರಬಂದವನ್ನು ತೂಗುವ ದ್ರವ್ಯರಾಶಿ ಯಂತ್ರ ಬೇಕು. ಅಲ್ಲಿಯೂ ತೊಡಕುಂಟು. ಈ ಮಾತ್ರೆಯ ಆಮ್ಲಕ್ಕೂ ಯಕೃತ್ತೇ ತಯಾರಿಸುವ ಇನ್ನೊಂದು ಆಮ್ಲಕ್ಕೂ ತೂಕ ಒಂದೇ. ಒಂದು ಕೊಂಡಿ ಯಾವ ಕಡೆಗೆ ತಿರುಗಿದೆ ಎಂಬುದಷ್ಟೇ ವ್ಯತ್ಯಾಸ. ತಕ್ಕಡಿಗೆ ತಿಳಿಯದ ಈ ಅವಳಿಗಳನ್ನು ನಳಿಗೆಯೇ ಬೇರ್ಪಡಿಸಬೇಕು. ದುಬಾರಿ ಯಂತ್ರ, ಎಲ್ಲ ಊರಿನಲ್ಲೂ ಸಿಕ್ಕುವುದಲ್ಲ.

58ರಲ್ಲಿ ಮಾತ್ರೆಯ ಪಾಲು ಎಷ್ಟೆಂದು ನಮಗೆ ಕೊನೆಗೂ ತಿಳಿಯಲಿಲ್ಲ. ವೈದ್ಯರು 38ನೆಯ ವಾರಕ್ಕೆ ಹೆರಿಗೆ ಮಾಡಿಸಿದರು. ಗೌರಿಹಬ್ಬದ ವಾರದಲ್ಲಿ ಹೆಣ್ಣು ಮಗುವಾಯಿತು. ಅಕ್ಕನ ನವೆ ಕೆಲವೇ ದಿನಗಳಲ್ಲಿ ಪೂರಾ ಹೋಯಿತು. ರಾತ್ರಿಯ ನಿದ್ದೆ ಮಾತ್ರ ಆಮೇಲೂ ಬರಲಿಲ್ಲ. ಅದಕ್ಕೆ ಕಾರಣ ಪಿತ್ತವಲ್ಲ.