ಯುದ್ಧಕಾಲದಲ್ಲಿ ತೆರೆದ ಬಾಗಿಲು: ಮುಂಬಯಿಯ ‘ಉದಯತಾರೆ’ಯ ಕಥೆ

ಪರಊರಿನಲ್ಲಿ ನಾಲ್ವರು ಕನ್ನಡಿಗರು ಒಂದೆಡೆ ಸೇರಿದರೆ ಮೊದಲು ಕಾಫಿ, ಆಮೇಲೆ ಒಂದು ಸಂಘ ಎಂದು ನಮ್ಮನ್ನು ಕುರಿತು ನಾವೇ ನಗುವುದುಂಟು. ಐದನೆಯವನು ಬಂದರೆ ಎರಡನೆಯ ಸಂಘವೂ ಹುಟ್ಟುತ್ತದೆ ಎನ್ನುವವರೂ ಇದ್ದಾರೆ. ತಮಾಷೆ ಹಾಗಿರಲಿ, ಊರು ಬಿಟ್ಟು ಬಂದವನಿಗೆ ಸಂಘವೆಂಬುದು ಎರಡನೆಯ ಮನೆ. ಈ ಮಹಾನಗರದಲ್ಲಿ ಬೇರೆ ಬೇರೆ ಜನರು ಹೇಗೆ ಸಂಘ ಕಟ್ಟಿದರು, ಯಾರನ್ನು ಒಳಕ್ಕೆ ಕರೆದರು, ಯಾರನ್ನು ಹೊಸಿಲ ಹೊರಗೆ ನಿಲ್ಲಿಸಿದರು ಎಂಬ ಕಥೆ ಆದ್ದರಿಂದ ನಮಗೆ ಹೊರಗಿನವರ ಕಥೆಯಲ್ಲ. ಅಂಥದೊಂದು ಹಳೆಯ ವೃತ್ತಾಂತವನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಫೋರ್ಟ್ ವಿಭಾಗದಲ್ಲಿ, ಹಿಂದೆ ರಾವೆಲಿನ್ ಸ್ಟ್ರೀಟ್ ಎನಿಸಿಕೊಂಡು ಈಗ ಡಿ. ಸುಖಾಡ್ವಾಲಾ ಮಾರ್ಗವೆಂದು ಕರೆಯಲ್ಪಡುವ ಬೀದಿಯಲ್ಲಿ ‘ಫ್ರೀಮೇಸನ್ಸ್ ಹಾಲ್’ ಎಂಬ ಹಳೆಯ ಕಟ್ಟಡವಿದೆ. ಕಚೇರಿಗೆ ಧಾವಿಸುವ ಗಡಿಬಿಡಿಯಲ್ಲಿ ನಮ್ಮವರೆಷ್ಟೋ ಮಂದಿ ಅದರ ಮುಂದೆ ಹಾದುಹೋಗಿರಬಹುದು. ಮೂಲೆಮಟ್ಟ ಮತ್ತು ಕೈವಾರಗಳನ್ನು ಒಂದರ ಮೇಲೊಂದು ಇಟ್ಟ ಗುರುತು ಈ ಬಳಗದ್ದು. ಇವರ ಸಭೆಗೆ ‘ಲಾಡ್ಜ್’ ಎಂದು ಹೆಸರು. ನಮ್ಮ ಹೋಟೆಲು ಬಂಧುಗಳಿಗೆ ಲಾಡ್ಜ್ ಎಂದರೆ ಬೋರ್ಡಿಂಗ್ ಅಂಡ್ ಲಾಜಿಂಗ್. ಆದರೆ ಇದು ಹಾಸಿಗೆ-ಊಟದ ಲಾಡ್ಜ್ ಅಲ್ಲ. ಯುರೋಪಿನಲ್ಲಿ ದೊಡ್ಡ ದೊಡ್ಡ ಇಗರ್ಜಿಗಳನ್ನು ಕಟ್ಟುತ್ತಿದ್ದ ಕಲ್ಲುಕುಟಿಗರು ಕೆಲಸದ ಜಾಗದಲ್ಲಿ ಹಾಕಿಕೊಳ್ಳುತ್ತಿದ್ದ ಚಪ್ಪರಕ್ಕೆ ಆ ಹೆಸರಿತ್ತು. ಮೇಸ್ತ್ರಿಗಳ ಆ ಚಪ್ಪರದಿಂದ ಹೆಸರನ್ನೂ ಉಪಕರಣಗಳನ್ನೂ ಎರವಲು ಪಡೆದು, ಕಲ್ಲು ಮುಟ್ಟದ ಸಭ್ಯಗೃಹಸ್ಥರು ಕಟ್ಟಿಕೊಂಡ ಬಂಧುಸಂಘವೇ ಫ್ರೀಮೇಸನ್ ಸಂಘ. ಇವರ ಮೊದಲನೆಯ ಮಹಾಲಾಡ್ಜ್ ಲಂಡನ್ನಿನಲ್ಲಿ ೧೭೧೭ರಲ್ಲಿ ಏರ್ಪಟ್ಟಿತು.

ಮೇಸ್ತ್ರಿಯ ಮಟ್ಟಗೋಲು ಗೋಡೆಯನ್ನು ಸರಿಮಾಡುವಂತೆ ಮನುಷ್ಯನು ತನ್ನ ನಡತೆಯನ್ನು ಸರಿಮಾಡಿಕೊಳ್ಳಬೇಕು. ಲಾಡ್ಜಿನೊಳಗೆ ಎಲ್ಲರೂ ಸಮಾನ ಬಂಧುಗಳು. ಜಗತ್ತನ್ನು ನಿರ್ಮಿಸಿದ ಒಬ್ಬ ಪರಮಶಿಲ್ಪಿಯಲ್ಲಿ ನಂಬಿಕೆ ಇರಬೇಕು. ಮತದ ಜಗಳವನ್ನೂ ರಾಜಕೀಯದ ವಾದವನ್ನೂ ಬಾಗಿಲ ಹೊರಗೇ ಬಿಟ್ಟು ಬರಬೇಕು. ಇವು ಅವರ ಮುಖ್ಯ ನಿಯಮಗಳು. ಶಿಷ್ಯ, ಸಹಕರ್ಮಿ, ಮೇಸ್ತ್ರಿ ಎಂದು ಮೂರು ಮೆಟ್ಟಿಲುಗಳ ದೀಕ್ಷೆ. ಒಳಗಿನ ವಿಧಿಗಳನ್ನು ಹೊರಗೆ ಆಡಬಾರದೆಂಬ ಕಟ್ಟುಪಾಡು. ಹೀಗೆ ಗುಟ್ಟಾಗಿ ಸೇರುವುದನ್ನು ಕಂಡು ಉತ್ತರ ಹಿಂದೂಸ್ಥಾನದ ಜನ ಈ ಕಟ್ಟಡಗಳಿಗೆ ‘ಜಾದೂಘರ್’ ಎಂದು ಹೆಸರಿಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಾತಿನಲ್ಲಿ ಸಮಾನತೆ, ಬಾಗಿಲಲ್ಲಿ ಬೀಗ

ಕಂಪನಿಯ ವ್ಯಾಪಾರದೊಡನೆ, ದಂಡಿನೊಡನೆ ಲಾಡ್ಜುಗಳೂ ಹಡಗು ಹತ್ತಿ ಬಂದವು. ೧೭೩೦ರಲ್ಲಿ ಕಲ್ಕತ್ತೆ, ೧೭೫೨ರಲ್ಲಿ ಮದರಾಸು, ೧೭೫೮ರಲ್ಲಿ ಮುಂಬಯಿ. ಕಾಲಾಂತರದಲ್ಲಿ ಬೆಂಗಳೂರು, ಬಳ್ಳಾರಿ, ಬೆಳಗಾವಿಗಳಂಥ ನಮ್ಮ ಕಡೆಯ ದಂಡಿನ ಊರುಗಳಿಗೂ ಬಂದವು. ಎಲ್ಲ ಕಡೆಯೂ ಇವು ಬಿಳಿಯರ ಕೂಟಗಳೇ. ಕರ್ನಾಟಿಕ್ ನವಾಬನ ಹಿರಿಯ ಮಗ ಉಮ್ದತ್-ಉಲ್-ಉಮರಾನಿಗೆ ೧೭೭೫ರಲ್ಲಿ ತಿರುಚಿರಾಪಳ್ಳಿಯಲ್ಲಿ ದೀಕ್ಷೆ ಕೊಟ್ಟಿದ್ದರು, ನಿಜ. ಆದರೆ ಅವನು ರಾಜಕುಮಾರ. ಸಾಮಾನ್ಯ ಭಾರತೀಯ ಗೃಹಸ್ಥನಿಗೆ ಬಾಗಿಲು ತೆರೆದಿರಲಿಲ್ಲ.

ನಿಯಮದ ಪುಸ್ತಕದಲ್ಲಿ ‘ಎಲ್ಲರೂ ಬಂಧುಗಳು’ ಎಂದಿದ್ದರೂ ಇದು ಹೇಗೆ ಸಾಧ್ಯವಾಯಿತು? ಹೊಸಬನನ್ನು ಸೇರಿಸಿಕೊಳ್ಳುವಾಗ ಸದಸ್ಯರು ಒಂದು ಪೆಟ್ಟಿಗೆಯೊಳಗೆ ಗುಟ್ಟಾಗಿ ಬಿಳಿಯ ಅಥವಾ ಕರಿಯ ಗುಂಡನ್ನು ಹಾಕುತ್ತಿದ್ದರು. ಕೆಲವೇ ಕರಿಗುಂಡುಗಳು ಬಿದ್ದರೆ ಸಾಕು, ಅರ್ಜಿ ತಿರಸ್ಕೃತ. ಯಾರು ಹಾಕಿದರೆಂದು ಕೇಳುವಂತಿಲ್ಲ, ಕಾರಣ ಹೇಳಬೇಕಾದದ್ದೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗುವುದು ಕಷ್ಟ.

ಈ ಬಾಗಿಲನ್ನು ತಟ್ಟಿದವರು ಮಾನೆಕ್‌ಜಿ ಕರ್ಸೆಟ್‌ಜಿ ಎಂಬ ಪಾರಸಿ ಗೃಹಸ್ಥರು. ೧೮೦೮ರಲ್ಲಿ ಹುಟ್ಟಿದ ಇವರು ವಿದ್ಯಾವಂತರು, ಸುಧಾರಕರು, ಸುಲಭವಾಗಿ ಹಿಂದೆಗೆಯುವವರಲ್ಲ. ಮುಂಬಯಿಯ ಏಶಿಯಾಟಿಕ್ ಸೊಸೈಟಿಯ ಶಾಖೆ ಕೂಡ ಮೊದಲು ಅವರನ್ನು ತಿರಸ್ಕರಿಸಿ, ೧೮೪೦ರಲ್ಲಿ ಅವರನ್ನೇ ತನ್ನ ಮೊದಲ ಭಾರತೀಯ ಸದಸ್ಯರನ್ನಾಗಿ ಒಪ್ಪಿಕೊಳ್ಳಬೇಕಾಯಿತು. ಮೇಸನ್ ಬಳಗದಲ್ಲಿಯೂ ಅದೇ ಕಥೆ. ಮುಂಬಯಿಯಲ್ಲಿ ಅವರಿಗೆ ಪ್ರವೇಶ ದೊರೆಯಲಿಲ್ಲ. ಯುರೋಪಿಗೆ ಹೋದಾಗ ಪ್ಯಾರಿಸ್ ನಗರದ ಲಾಡ್ಜೊಂದು ಅವರಿಗೆ ದೀಕ್ಷೆ ಕೊಟ್ಟಿತು. ಹುಟ್ಟಿದ ಊರಿನಲ್ಲಿ ಸಿಗದ ಬಂಧುತ್ವ ಏಳು ಸಮುದ್ರದಾಚೆ ಸಿಕ್ಕಿತು! ಮೇಸನ್ ಆಗಿಯೇ ಅವರು ಮುಂಬಯಿಗೆ ಮರಳಿದರು. ಈಗ ಇಲ್ಲಿಯವರು ಏನು ಮಾಡಬೇಕು? ‘ಬಂಧು’ವನ್ನು ಬಾಗಿಲಲ್ಲಿ ನಿಲ್ಲಿಸುವುದೆ?

ಕಾಬೂಲಿನ ಸುದ್ದಿ

ಇದು ನಡೆದ ಕಾಲವನ್ನು ನಾವು ನೆನಪಿನಲ್ಲಿಡಬೇಕು. ಅದು ಯುದ್ಧಕಾಲ. ೧೮೩೮ರಲ್ಲಿ ಕಂಪನಿ ಸರಕಾರವು ಅಫಘಾನಿಸ್ತಾನದ ಮೇಲೆ ದಂಡೆತ್ತಿತು. ಸರ್ ಜಾನ್ ಕೀನ್ ಎಂಬ ಸೇನಾನಿಯ ಕೈಕೆಳಗೆ ಮುಂಬಯಿಯ ದಂಡು ಹಡಗೇರಿ ಸಿಂಧದ ದಡಕ್ಕೆ ಹೋಯಿತು. ೧೮೩೯ರಲ್ಲಿ ಘಜ್ನಿಯ ಕೋಟೆ ಬಿದ್ದಿತು, ಕಾಬೂಲು ವಶವಾಯಿತು. ಆದರೆ ಕಾಬೂಲನ್ನು ಹಿಡಿಯುವುದು ಬೇರೆ, ಉಳಿಸಿಕೊಳ್ಳುವುದು ಬೇರೆ. ೧೮೪೧ರ ನವೆಂಬರ್ ೨ರಂದು ಅಲ್ಲಿಯ ಜನ ದಂಗೆ ಎದ್ದರು. ೧೮೪೨ರ ಜನವರಿಯ ಹಿಮದಲ್ಲಿ ಸುಮಾರು ೪,೫೦೦ ಸೈನಿಕರೂ ಸುಮಾರು ೧೨,೦೦೦ ಪರಿವಾರದವರೂ ಕಾಬೂಲನ್ನು ಬಿಟ್ಟು ಹೊರಟರು. ಕಣಿವೆಗಳಲ್ಲಿ ಆ ಸಮೂಹ ನಾಶವಾಯಿತು. ಜನವರಿ ೧೩ರಂದು ಗಾಯಗೊಂಡ ಡಾಕ್ಟರ್ ಬ್ರೈಡನ್ ಕುದುರೆಯ ಮೇಲೆ ಜಲಾಲಾಬಾದ್ ತಲುಪಿದ ಚಿತ್ರ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಸತ್ತವರಲ್ಲಿ ಬಹುಪಾಲು ಜನ ಹಿಂದೂಸ್ಥಾನದವರೇ ಎಂಬುದು ಅಷ್ಟು ಪ್ರಸಿದ್ಧವಲ್ಲ.

ಅದೇ ವರುಷ ಸೇಡಿನ ದಂಡು ಹೋಗಿ ಕಾಬೂಲಿನ ದೊಡ್ಡ ಪೇಟೆಯನ್ನು ಹಾಳುಗೆಡವಿ ಬಂದಿತು. ೧೮೪೩ರ ಫೆಬ್ರವರಿ-ಮಾರ್ಚಿಯಲ್ಲಿ ಸಿಂಧದಲ್ಲಿ ಯುದ್ಧ. ಮಿಯಾನಿಯಲ್ಲಿ ಸೋತ ಅಲ್ಲಿಯ ಅಮೀರರನ್ನು ಸೆರೆಯಾಳುಗಳಾಗಿ ಮುಂಬಯಿಗೇ ಕರೆತಂದರು.

ಕೊಲಾಬಾದ ನೇವಿ ನಗರದ ಕಡೆಗೆ ಹೋದವರು ಅಲ್ಲಿಯ ಎತ್ತರದ ಗೋಪುರದ ‘ಅಫಘಾನ್ ಚರ್ಚ್’ ನೋಡಿರಬಹುದು. ೧೮೫೮ರಲ್ಲಿ ಪ್ರತಿಷ್ಠೆಗೊಂಡ ಆ ಇಗರ್ಜಿ ಇದೇ ಯುದ್ಧಗಳ ಸ್ಮಾರಕ. ಗೋಡೆಯ ಮೇಲೆ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಸಿಪಾಯಿಗಳು ಮಾತ್ರ ಹೆಸರು ಕೊರೆಯಲಾಗದಷ್ಟು ಮಂದಿ ಎಂದು ಒಂದೇ ಮಾತಿನಲ್ಲಿ ಸ್ಮರಿಸಲ್ಪಟ್ಟಿದ್ದಾರೆ.

ನವೆಂಬರ್ ೨ರ ದಂಗೆಯಲ್ಲಿ ಮೊದಲು ಬಲಿಯಾದವರಲ್ಲಿ ಒಬ್ಬರು ಅಲೆಕ್ಸಾಂಡರ್ ಬರ್ನ್ಸ್. ಬುಖಾರಾದ ವರೆಗೆ ಪ್ರವಾಸ ಮಾಡಿ ಗ್ರಂಥ ಬರೆದು ಹೆಸರುವಾಸಿಯಾಗಿದ್ದ ಸ್ಕಾಟ್‌ಲೆಂಡಿನ ಯುವಕ. ಕಾಬೂಲಿನ ಅವರ ಮನೆಗೆ ಜನ ನುಗ್ಗಿ ಅವರನ್ನು ಕೊಂದರು. ಜೊತೆಗಿದ್ದ ತಮ್ಮ ಚಾರ್ಲ್ಸನೂ ಉಳಿಯಲಿಲ್ಲ. ಒಂದೇ ದಿನ ಒಂದೇ ಮನೆಯ ಇಬ್ಬರು. ಇವರ ಅಣ್ಣ ಡಾಕ್ಟರ್ ಜೇಮ್ಸ್ ಬರ್ನ್ಸ್ ಮುಂಬಯಿಯ ಕಂಪನಿ ಸರಕಾರದಲ್ಲಿ ವೈದ್ಯರಾಗಿದ್ದವರು. ೧೮೨೧ರಲ್ಲಿ ಜೇಮ್ಸ್ ಮತ್ತು ಅಲೆಕ್ಸಾಂಡರ್ ಒಟ್ಟಿಗೇ ಮುಂಬಯಿಯಲ್ಲಿ ಬಂದಿಳಿದಿದ್ದರು. ಜೇಮ್ಸ್ ಭುಜ್‌ನಲ್ಲಿ ವೈದ್ಯರಾಗಿದ್ದಾಗ ಸಿಂಧದ ಅಮೀರನಿಗೆ ಚಿಕಿತ್ಸೆ ಮಾಡಲು ಹೈದರಾಬಾದಿಗೆ ಹೋಗಿ ಬಂದು, ಆ ಅನುಭವವನ್ನು ಪುಸ್ತಕವಾಗಿ ಬರೆದವರು. ಅಮೀರರ ಅನ್ನ ಉಂಡವರು. ಈಗ ಅದೇ ಮನೆತನದವರನ್ನು ಸೆರೆಯಾಳುಗಳಾಗಿ ಕಂಡ ಊರಿನಲ್ಲಿ ಇದ್ದವರು.

ಈ ಜೇಮ್ಸ್ ಬರ್ನ್ಸ್ ೧೮೩೬ರಿಂದ ಪಶ್ಚಿಮ ಹಿಂದೂಸ್ಥಾನದಲ್ಲಿ ಸ್ಕಾಟಿಷ್ ಮೇಸನ್ ಬಳಗಕ್ಕೆ ಮುಖ್ಯಸ್ಥರಾಗಿದ್ದರು. ಮಾನೆಕ್‌ಜಿಯವರ ವಿಷಯದಲ್ಲಿ ಬಾಗಿಲು ಮುಚ್ಚಬೇಕೆ, ತೆರೆಯಬೇಕೆ ಎಂಬ ಪ್ರಶ್ನೆ ಅವರ ಮುಂದೆ ಬಂದಿತು.

ಉದಯತಾರೆ

ತಮ್ಮಂದಿರಿಬ್ಬರನ್ನು ಪರಧರ್ಮೀಯರ ಕತ್ತಿಗೆ ಕಳೆದುಕೊಂಡವನು, ಅದೂ ಎರಡೇ ವರುಷದ ಹಿಂದೆ, ಬಾಗಿಲಿಗೆ ಇನ್ನೊಂದು ಅಗಳಿ ಹಾಕಿಸಿದ್ದರೆ ಅಂದಿನ ಸಮಾಜದಲ್ಲಿ ಯಾರೂ ತಪ್ಪೆಣಿಸುತ್ತಿರಲಿಲ್ಲ. ಬರ್ನ್ಸ್ ಹಾಗೆ ಮಾಡಲಿಲ್ಲ. ೧೮೪೩ರ ಡಿಸೆಂಬರಿನಲ್ಲಿ ಅವರೇ ಮುಂದೆ ನಿಂತು, ಭಾರತೀಯರನ್ನು ಸೇರಿಸಿಕೊಳ್ಳುವುದಕ್ಕಾಗಿಯೇ ಮುಂಬಯಿಯಲ್ಲಿ ಹೊಸ ಲಾಡ್ಜೊಂದನ್ನು ಸ್ಥಾಪಿಸಿದರು. ಅದಕ್ಕೆ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂದು ಹೆಸರಾಯಿತು. ಪಶ್ಚಿಮ ಹಿಂದೂಸ್ಥಾನದ ಉದಯತಾರೆ ಎಂದು ನಾವು ಕರೆಯಬಹುದು. ಪಾರಸಿಗಳೂ ಮುಸಲ್ಮಾನರೂ ಯುರೋಪಿಯನರೂ ಅಲ್ಲಿ ಒಂದೇ ಸಾಲಿನಲ್ಲಿ ಕುಳಿತರು. ಪ್ರತಿಯೊಬ್ಬನೂ ತನ್ನ ಧರ್ಮಗ್ರಂಥದ ಮೇಲೆಯೇ ಕೈಯಿಟ್ಟು ಪ್ರಮಾಣ ಮಾಡುವ ಪದ್ಧತಿ ನಮ್ಮ ದೇಶದ ಲಾಡ್ಜುಗಳಲ್ಲಿ ಬೇರೂರಿತು.

ಇದನ್ನು ಬರೆಯುವಾಗ ಅತಿಶಯೋಕ್ತಿಗೆ ಎಡೆಗೊಡಬಾರದು. ಬಿಳಿಯರ ಹಳೆಯ ಲಾಡ್ಜಿನ ಬಾಗಿಲನ್ನು ಬರ್ನ್ಸ್ ತೆರೆಸಲಿಲ್ಲ. ಪಕ್ಕದಲ್ಲಿ ಬೇರೊಂದು ಮನೆ ಕಟ್ಟಿಸಿದರು. ಆಳುವವರಿಗೆ ನಾಡಿನ ಧನಿಕರ, ವಿದ್ಯಾವಂತರ ಸ್ನೇಹ ಬೇಕಾಗಿದ್ದ ಕಾಲವೂ ಅದು. ಒಳಗೆ ಬಂದವರು ಶ್ರೀಮಂತರು, ಇಂಗ್ಲಿಷು ಬಲ್ಲವರು. ಸಭೆಯೊಳಗೆ ‘ಬಂಧು’ ಎನಿಸಿಕೊಂಡವನು ಬೀದಿಗೆ ಬಂದೊಡನೆ ಮತ್ತೆ ಪ್ರಜೆ. ಆದರೂ ದೊರೆ-ಪ್ರಜೆ ಎಂಬ ಭೇದವೇ ನ್ಯಾಯವೆಂದು ತಿಳಿದಿದ್ದ ದಿನಗಳಲ್ಲಿ, ಯುದ್ಧದ ಹೊಗೆ ಇನ್ನೂ ಆರದಿರುವಾಗ, ಒಂದು ಕೋಣೆಯ ಮಟ್ಟಿಗಾದರೂ ಸಮಾನತೆಯನ್ನು ಆಚರಿಸಿ ನೋಡಿದರೆಂಬುದು ಸಣ್ಣ ಮಾತಲ್ಲ.

ಹಿಂದೂಗಳಿಗೆ ಇನ್ನೂ ಕಾಯಬೇಕಾಯಿತು. ಅನೇಕ ದೇವತೆಗಳನ್ನು ಪೂಜಿಸುವವರು ಒಬ್ಬ ಪರಮಶಿಲ್ಪಿಯನ್ನು ಒಪ್ಪುವವರೆ ಎಂದು ವಾದ ನಡೆಯಿತು. ಕಲ್ಕತ್ತೆಯ ಪ್ರಸನ್ನಕುಮಾರ ದತ್ತರು ೧೮೬೩ರಲ್ಲಿ ಅರ್ಜಿ ಹಾಕಿ, ಒಂಬತ್ತು ವರುಷ ಪಟ್ಟು ಬಿಡದೆ ಹೋರಾಡಿ, ೧೮೭೨ರಲ್ಲಿ ಒಳಗೆ ಬಂದರು. ‘ಏಕಂ ಸತ್’ ಎಂದು ಸಾವಿರಾರು ವರುಷಗಳಿಂದ ಹೇಳಿಕೊಂಡು ಬಂದ ಜನ ಏಕದೇವನನ್ನು ನಂಬುತ್ತಾರೆಯೆ ಎಂದು ಒಂಬತ್ತು ವರುಷ ವಿಚಾರಣೆ!

ಆಮೇಲೆ ಬಂದವರ ಹೆಸರುಗಳನ್ನು ಕೇಳಿದರೆ ವಾಚಕರಿಗೆ ಸೋಜಿಗವಾದೀತು. ಉದಯತಾರೆಯಲ್ಲಿಯೇ ಖರ್ಶೇದ್‌ಜಿ ಕಾಮಾ, ಸರ್ ಫಿರೋಜಶಹಾ ಮೆಹತಾ ಇದ್ದರು. ದಾದಾಭಾಯಿ ನವರೋಜಿ, ಮೋತಿಲಾಲ ನೆಹರೂ ಅವರೂ ಮೇಸನರೇ. ನರೇಂದ್ರನಾಥ ದತ್ತ ಎಂಬ ತರುಣರು ೧೮೮೪ರಲ್ಲಿ ಕಲ್ಕತ್ತೆಯ ಲಾಡ್ಜೊಂದನ್ನು ಸೇರಿದರು. ಜಗತ್ತು ಅವರನ್ನು ಮುಂದೆ ಸ್ವಾಮಿ ವಿವೇಕಾನಂದರೆಂದು ಅರಿಯಿತು. ಅಧ್ಯಕ್ಷನನ್ನು ಚುನಾಯಿಸುವುದು, ಲೆಕ್ಕ ಒಪ್ಪಿಸುವುದು, ಎದುರಾಳಿಯ ಮಾತನ್ನು ಕೊನೆಯ ತನಕ ಕೇಳುವುದು, ಇವೆಲ್ಲ ಇಂಥ ಕೂಟಗಳಲ್ಲಿ ಆಗಿನ ವಿದ್ಯಾವಂತರಿಗೆ ರೂಢಿಯಾದವು. ದೇಶ ಸ್ವತಂತ್ರವಾದ ಮೇಲೆ ೧೯೬೧ರ ನವೆಂಬರ್ ೨೪ರಂದು ಭಾರತದ್ದೇ ಆದ ಮಹಾಲಾಡ್ಜ್ ದಿಲ್ಲಿಯಲ್ಲಿ ಸ್ಥಾಪಿತವಾಯಿತು. ರಾಮಪುರದ ನವಾಬರು ಅದರ ಮೊದಲ ಅಧಿಪತಿಗಳಾದರು.

ಬಾಗಿಲು ತೆರೆಯಿಸಿಕೊಂಡವರು ತೆರೆದ ಬಾಗಿಲು

ಲಾಡ್ಜಿನ ವೈಭವಕ್ಕಿಂತ ನನಗೆ ಮೆಚ್ಚಿಕೆಯಾದದ್ದು ಮಾನೆಕ್‌ಜಿಯವರ ಮುಂದಿನ ನಡೆ. ಉದಯತಾರೆಯ ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಮುಂಬಯಿಯ ಮರ್ಯಾದಸ್ಥರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷು ಕಲಿಸುವುದೆಂದರೆ ಹುಬ್ಬೇರಿಸುವ ಕಾಲ. ಮಾನೆಕ್‌ಜಿ ತಮ್ಮ ಮನೆಯಲ್ಲಿಯೇ ಹೆಣ್ಣುಮಕ್ಕಳ ಪಾಠ ಆರಂಭಿಸಿದರು. ಅದು ೧೮೬೩ರಲ್ಲಿ ಅಲೆಕ್ಸಾಂಡ್ರಾ ಹೆಣ್ಣುಮಕ್ಕಳ ಶಾಲೆಯಾಯಿತು. ಮೇಸನರ ಕಟ್ಟಡವಿರುವ ಫೋರ್ಟ್ ವಿಭಾಗದಲ್ಲಿಯೇ ಆ ಶಾಲೆಯ ಹೆಸರೂ ಉಳಿದಿದೆ. ತಾನು ಹೊಸಿಲ ಹೊರಗೆ ನಿಂತದ್ದನ್ನು ಮರೆಯದವನು ಮಾತ್ರ ಇನ್ನೊಬ್ಬರಿಗಾಗಿ ಬಾಗಿಲು ತೆರೆದಾನು.

ನಮ್ಮ ಕಡೆಯವರೂ ಯುದ್ಧಕಾಲದಲ್ಲಿ ಕೈಕಟ್ಟಿ ಕುಳಿತವರಲ್ಲ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗಲೇ, ೧೯೧೫ರಲ್ಲಿ, ಕೆನರಾದಿಂದ ಬಂದ ಸಾರಸ್ವತರು ಶ್ರೀಪಾದ ಸುಬ್ರಾವ ತಲಮಕಿಯವರ ಮುಂದಾಳುತನದಲ್ಲಿ ಗಾಂವ್‌ದೇವಿಯಲ್ಲಿ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ನಗರದಲ್ಲಿ ಬಾಡಿಗೆಯ ಕಾಟ ಎಷ್ಟಾಯಿತೆಂದರೆ ಸರಕಾರವೇ ೧೯೧೮ರಲ್ಲಿ ಬಾಡಿಗೆ ಕಾಯಿದೆಯನ್ನು ತರಬೇಕಾಯಿತು. ಅಂಥ ದಿನಗಳಲ್ಲಿ ಪರಊರಿಗೆ ಬಂದ ಗುಮಾಸ್ತರು ಒಬ್ಬರಿಗೊಬ್ಬರು ಆಸರೆಯಾಗಿ ತಲೆಯ ಮೇಲೊಂದು ಸೂರು ಮಾಡಿಕೊಂಡರು. ೧೯೨೬ರಲ್ಲಿ ಮೈಸೂರು ಅಸೋಸಿಯೇಶನ್, ೧೯೩೩ರಲ್ಲಿ ಕರ್ನಾಟಕ ಸಂಘ, ಹೀಗೆ ಒಂದರ ಹಿಂದೊಂದು ಮನೆಗಳು ಎದ್ದವು. ಜಾತಿ, ಊರುಗಳ ಹೆಸರಿನಲ್ಲಿ ಹುಟ್ಟಿದವುಗಳೂ ಉಂಟು. ಆ ಆಸರೆ ಇಲ್ಲದಿದ್ದರೆ ನಮ್ಮ ಹಿರಿಯರೆಷ್ಟೋ ಜನ ರಾತ್ರಿಶಾಲೆಯ ಓದನ್ನೂ ಮುಗಿಸುತ್ತಿರಲಿಲ್ಲ. ಆದುದರಿಂದ ಅವುಗಳನ್ನು ಹಳಿಯುವುದು ಕೃತಘ್ನತೆ.

ಆದರೆ ಮನೆ ಭದ್ರವಾದ ಮೇಲೆ ಬಾಗಿಲ ಯೋಚನೆ ಮಾಡಬೇಕಲ್ಲವೆ? ನಮ್ಮ ಸಂಘಗಳಲ್ಲಿ ಕರಿಗುಂಡಿನ ಪೆಟ್ಟಿಗೆ ಇಲ್ಲ, ನಿಜ. ಆದರೆ “ನೀವು ಯಾವ ಕಡೆಯವರು?” ಎಂಬ ಮೊದಲ ಪ್ರಶ್ನೆ ಇದೆ. ಡೊಂಬಿವಲಿಗೋ ಮೀರಾ ರೋಡಿಗೋ ಹೊಸದಾಗಿ ಬಂದ ಕಲಬುರ್ಗಿಯ ಕೂಲಿಗಾರನ ಸಂಸಾರಕ್ಕೆ, ಮನೆಯಲ್ಲಿ ಮರಾಠಿ ಆಡುವ ನಮ್ಮ ಸೊಸೆಗೆ, ಕನ್ನಡ ಓದಲು ಬಾರದ ನಮ್ಮದೇ ಮೊಮ್ಮಗನಿಗೆ ಸಭೆಯಲ್ಲಿ ಕುರ್ಚಿ ಇದೆಯೆ? ಇದ್ದರೂ ಅದು ಕೊನೆಯ ಸಾಲಿನಲ್ಲಿ ಇದೆಯೆ? ಅರ್ಜಿ ತಿರಸ್ಕರಿಸಿದರೆ ಮಾತ್ರ ಬಾಗಿಲು ಮುಚ್ಚಿದಂತಲ್ಲ. ಬಂದವನನ್ನು ಯಾರೂ ಮಾತಾಡಿಸದಿದ್ದರೂ ಬಾಗಿಲು ಮುಚ್ಚಿದಂತೆಯೇ.

ಜಗಳವಿಲ್ಲದ ಕಾಲದಲ್ಲಿ ಬಂಧುತ್ವದ ಭಾಷಣ ಯಾರೂ ಮಾಡಿಯಾರು. ಗಡಿಯ ವಿಷಯಕ್ಕೋ ಭಾಷೆಯ ವಿಷಯಕ್ಕೋ ಊರು ಕಾವೇರಿದಾಗ, ಅನುಮಾನ ಸಹಜವೆನಿಸಿದಾಗ, ಪಕ್ಕದವನಿಗೆ ಕುರ್ಚಿ ಎಳೆದು ಕೊಡುವುದೇ ಕಷ್ಟದ ಕೆಲಸ. ೧೮೪೩ರಲ್ಲಿ ಇಬ್ಬರು ತಮ್ಮಂದಿರನ್ನು ಕಳೆದುಕೊಂಡ ಅಣ್ಣನೊಬ್ಬನೂ, ತಿರಸ್ಕಾರ ಉಂಡ ಪಾರಸಿಯೊಬ್ಬರೂ ಈ ನಗರದಲ್ಲಿ ಆ ಕೆಲಸವನ್ನು ಅಷ್ಟಿಷ್ಟು ಮಾಡಿ ತೋರಿಸಿದರು. ಈ ಸಲ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಹಂಚುವಾಗ ನಮ್ಮ ಕಾರ್ಯಕರ್ತರು ತಮಗೆ ಪರಿಚಯವಿಲ್ಲದ ಒಂದು ಮನೆಯ ಬಾಗಿಲನ್ನಾದರೂ ತಟ್ಟಿ ಬಂದರೆ, ಈ ಲೇಖನ ಬರೆದದ್ದು ಸಾರ್ಥಕವಾಯಿತೆಂದು ತಿಳಿಯುವೆನು.