ಮೀನು ಸಾಯುವುದು ಬೆಳಗಿನ ಜಾವ: ಕೊಳದ ನೀರನ್ನು ಹದದಲ್ಲಿಡುವ ಬಗೆ

ಸಂಜೆ ತೌಡು, ಹಿಂಡಿ ತಿಂದು ಚೆನ್ನಾಗಿದ್ದ ಮೀನುಗಳು ಬೆಳಗಾಗುವಷ್ಟರಲ್ಲಿ ಸತ್ತು ತೇಲುತ್ತವೆ. ಯಾರೋ ಆಗದವರು ಕೊಳಕ್ಕೆ ವಿಷ ಹಾಕಿದರೆಂದು ಊರಲ್ಲಿ ಗುಲ್ಲೇಳುತ್ತದೆ. ನೆರೆಹೊರೆಯಲ್ಲಿ ಮನಸ್ತಾಪ ಬೆಳೆಯುತ್ತದೆ. ಆದರೆ ಇಂಥ ಎಷ್ಟೋ ಸಾವುಗಳಿಗೆ ಕಾರಣ ಹಗೆಯಲ್ಲ, ನೀರು. ಹಗಲಿಗೂ ರಾತ್ರಿಗೂ ಕೊಳದ ನೀರಿನ ಗುಣ ಬದಲಾಗುತ್ತದೆ. ಈ ಏರಿಳಿತ ಅತಿಯಾದರೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಯಾವುದೂ ತಾಳದು.

ಹಗಲಿರುಳಿನ ಏರಿಳಿತ

ಹಸಿರು ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಬಿಸಿಲಿನಲ್ಲಿ ಅದು ಇಂಗಾಲಾಮ್ಲವನ್ನು ಹೀರಿ ಆಮ್ಲಜನಕ ಬಿಡುತ್ತದೆ. ರಾತ್ರಿಯಲ್ಲಾದರೋ ಪಾಚಿ, ಮೀನು, ತಳದಲ್ಲಿ ಕೊಳೆಯುವ ಸಗಣಿ ಎಲ್ಲವೂ ಆಮ್ಲಜನಕವನ್ನು ಬಳಸುತ್ತವೆ. ಆದ್ದರಿಂದ ಸೂರ್ಯೋದಯಕ್ಕೆ ಮುಂಚೆ ಅದು ಅತಿ ಕಡಿಮೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಒಳ್ಳೆಯದು. 3ಕ್ಕಿಂತ ಇಳಿದರೆ ಮೀನಿಗೆ ಕಷ್ಟ. ಮೋಡ ಮುಸುಕಿದ ದಿನಗಳ ನಂತರ ಅಪಾಯ ಹೆಚ್ಚು.

ಪಿ.ಎಚ್. ಎಂದೂ ಕರೆಯುವ ರಸಸಾರ 7ರಿಂದ 8.5ರವರೆಗೆ ಇದ್ದರೆ ಮೀನಿಗೆ ಹಿತ. ಪಾಚಿ ಅತಿಯಾದ ಕೊಳದಲ್ಲಿ ಮಧ್ಯಾಹ್ನ ಅದು 9 ದಾಟುವುದುಂಟು. ಮೀನು ಹೊರಹಾಕುವ ಕಶ್ಮಲ ಮತ್ತು ತಿನ್ನದೆ ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಾಗ, ರಸಸಾರ 7 ಇದ್ದರೆ ಅದರಲ್ಲಿ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿರದು. ರಸಸಾರ 9 ಆದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ವಿಷವಾಗುತ್ತದೆ.

ಸುಣ್ಣವೇ ಮೂಗುದಾರ

ಮೂಗುದಾರ ಎತ್ತನ್ನು ಹಿಡಿದಿಡುವಂತೆ ನೀರಿನ ಕ್ಷಾರೀಯತೆ ರಸಸಾರವನ್ನು ಹಿಡಿದಿಡುತ್ತದೆ. ಇದು ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇರಬಾರದು. 50ಕ್ಕಿಂತ ಹೆಚ್ಚಿದ್ದರೆ ಇನ್ನೂ ಉತ್ತಮ. ಮಲೆನಾಡು ಮತ್ತು ಕರಾವಳಿಯ ಹುಳಿ ಮಣ್ಣಿನ ಕೊಳಗಳಲ್ಲಿ, ಮಳೆ ನೀರು ತುಂಬಿದ ಪ್ಲಾಸ್ಟಿಕ್ ಹೊದಿಕೆಯ ಕೃಷಿ ಹೊಂಡಗಳಲ್ಲಿ ಇದರ ಕೊರತೆ ಸಾಮಾನ್ಯ.

ತಳದ ಮಣ್ಣನ್ನು ಪರೀಕ್ಷೆ ಮಾಡಿಸಿ ಸುಣ್ಣ ಹಾಕಬೇಕು. ಮಣ್ಣಿನ ರಸಸಾರ 6.5ರಿಂದ 7.5 ಇದ್ದರೆ ಗುಂಟೆಗೆ 2 ಕಿಲೊ, 5.5ರಿಂದ 6.5 ಇದ್ದರೆ 5 ಕಿಲೊ, 4.5ರಿಂದ 5.5 ಇದ್ದರೆ 7 ಕಿಲೊ, ಅದಕ್ಕೂ ಕಡಿಮೆ ಇದ್ದರೆ 10 ಕಿಲೊ ಸುಣ್ಣ ಸಾಕು. 7.5ಕ್ಕಿಂತ ಹೆಚ್ಚಿರುವ ಕಪ್ಪು ಮಣ್ಣಿಗೆ ಸುಣ್ಣ ಬೇಡ. ಹೊದಿಕೆ ಹಾಸಿದ ಹೊಂಡದಲ್ಲಿ ಮಣ್ಣಿನ ಬದಲು ನೀರಿನ ಕ್ಷಾರೀಯತೆಯನ್ನೇ ನೋಡಿಸಬೇಕು.

ಮೀನಿರುವ ಕೊಳಕ್ಕೆ ಸುಣ್ಣದ ಕಲ್ಲಿನ ಪುಡಿಯೇ ಸುರಕ್ಷಿತ. ಸುಟ್ಟ ಸುಣ್ಣ ರಸಸಾರವನ್ನು ಒಮ್ಮೆಲೇ ಏರಿಸಿ ಮೀನನ್ನು ಕೊಲ್ಲಬಹುದು. ಅದನ್ನು ಒಣಗಿದ ಕೊಳಕ್ಕೆ ಮಾತ್ರ ಬಳಸಿರಿ. ಸುಣ್ಣ ಹಾಕಿ ಒಂದು ವಾರವಾದರೂ ಕಳೆದ ಮೇಲೆ ಸಗಣಿ ಗೊಬ್ಬರ ಕೊಡಬೇಕು.

ಕೈಯೇ ಅಳತೆಗೋಲು

ಬಗ್ಗಡವಿಲ್ಲದ ನೀರಿನಲ್ಲಿ ಕೈಯನ್ನು ನೇರವಾಗಿ ಇಳಿಸಿರಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ಪಾಚಿ ಹದವಾಗಿದೆ. ಅದಕ್ಕೆ ಬಹಳ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಿ, ಆಹಾರ ತಗ್ಗಿಸಬೇಕು.

ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ತಡಮಾಡಬಾರದು. ಪಂಪಿನಿಂದ ಕೊಳದ ನೀರನ್ನೇ ಎತ್ತಿ ಮಳೆಯಂತೆ ಮತ್ತೆ ಕೊಳಕ್ಕೆ ಸುರಿಸಿರಿ. ಆ ದಿನ ಆಹಾರ, ಗೊಬ್ಬರ ಎರಡೂ ಬೇಡ. ಕೊಳವೆ ಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಅದನ್ನು ಎತ್ತರದಿಂದ ಬೀಳಿಸಿಯೇ ಬಿಡಬೇಕು.

ಸತ್ತ ಮೀನನ್ನೂ ಗಮನಿಸಿರಿ. ಆಮ್ಲಜನಕದ ಕೊರತೆಯಾದರೆ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತವೆ; ಕೀಟನಾಶಕ ಸೇರಿದ್ದರೆ ಸಣ್ಣವು ಮೊದಲು. ನೆರೆಯವರನ್ನು ದೂರುವ ಮುನ್ನ ನೀರನ್ನು ಶೀಶೆಯಲ್ಲಿ ತುಂಬಿ ಮೀನುಗಾರಿಕೆ ಇಲಾಖೆಯ ಕಚೇರಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ಕೇಳುವುದು ಲೇಸು.